ಮೂರಡಿ ದೂರಕ್ಕೆ ಮುನ್ನೂರು ಹರದಾರಿ

ಆಂಧ್ರ-ಕರ್ನಾಟಕ ಗಡಿಯ ಹಿಂದೂಪುರದ ಜೆರಾಕ್ಸ್ ಅಂಗಡಿಗಳಲ್ಲಿ ಈಗ ದರಪಟ್ಟಿಗಿಂತ ದೊಡ್ಡದಾಗಿ ಕಾಣುವುದು ಒಂದು ಫೋನ್ ನಂಬರು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು, ಮಳೆಗೂ ಬೆವರಿಗೂ ಅಳಿಸದಂತೆ ಮೇಲೊಂದು ಟೇಪು ಸುತ್ತಿ, ಗಿರಾಕಿಯ ಕಣ್ಣಿಗೆ ನೇರ ಬೀಳಲೆಂದು ಮಾನಿಟರಿನ ಬೆನ್ನಿಗೇ ಅಂಟಿಸಿರುತ್ತಾರೆ. "ಆ ನಂಬರ್‌ಗೆ ವಾಟ್ಸಾಪ್ ಮಾಡಣ್ಣ" ಎಂದು ಒಳಗಿನಿಂದ ಕನ್ನಡದಲ್ಲಿ ಮಾತು ಬಂದರೆ, "ಪಂಪಿನಾ ಅನ್ನಾ" ಎಂದು ಹೊರಗಿನಿಂದ ತೆಲುಗಿನಲ್ಲಿ ಉತ್ತರ ಹೋಗುತ್ತದೆ. ಎರಡು ಭಾಷೆಗಳು ಕೌಂಟರಿನ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಅತ್ತಿಂದಿತ್ತ ಓಡಾಡುತ್ತವೆ. ಫೈಲಿಗೆ ಮಾತ್ರ ಆ ಸಲೀಸು ಇಲ್ಲ.

ಗಿರಾಕಿಯ ಕೈಯಲ್ಲಿರುವ ಫೋನಿಗೂ ಅಂಗಡಿಯ ಕಂಪ್ಯೂಟರಿಗೂ ನಡುವೆ ಹೆಚ್ಚೆಂದರೆ ಮೂರಡಿ. ಆದರೆ ಆ ಫೈಲು ಮೊದಲು ಫೋನಿನಿಂದ ಟವರಿಗೆ ಏರಬೇಕು, ಅಲ್ಲಿಂದ ಕಂಪನಿಯ ಜಾಲ ಹಿಡಿದು ಎಲ್ಲೋ ಇರುವ ವಾಟ್ಸಾಪ್ ಸರ್ವರಿಗೆ ಹೋಗಿ ಕೂರಬೇಕು, ಮತ್ತೆ ಅಲ್ಲಿಂದ ಇಳಿದು ಅಂಗಡಿಯವನ ಫೋನಿಗೂ ಕಂಪ್ಯೂಟರಿನ ವಾಟ್ಸಾಪ್ ವೆಬ್‌ಗೂ ಬರಬೇಕು. ಕಳಿಸುವವನ ಡೇಟಾ ಒಂದು ಸಲ ಖರ್ಚು, ಇಳಿಸಿಕೊಳ್ಳುವವನದು ಇನ್ನೊಂದು ಸಲ. ನೆಟ್‌ವರ್ಕ್ ಸುತ್ತುತ್ತಿದ್ದರೆ ಹಿಂದೆ ನಿಂತ ನಾಲ್ಕು ಜನರ ಸಮಯವೂ ಖರ್ಚು. ಸುತ್ತಿ ಬಳಸಿ ಮೂಗು ಹಿಡಿಯುವುದು ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಹೀಗೆ ಮೂಗು ಹಿಡಿಯುವ ಕೆಲಸ ಈ ಸೀಮೆಯಲ್ಲಿ ಬೇರೆಡೆಗಿಂತ ಹೆಚ್ಚೇ. ಊರೂರಲ್ಲೇ ಸರ್ಕಾರಿ ಕಾಗದ ಕೊಡುವ ಆಂಧ್ರದ ಗ್ರಾಮ, ವಾರ್ಡು ಸಚಿವಾಲಯಗಳು 2019ರ ಅಕ್ಟೋಬರ್ 2ರಂದು ಶುರುವಾದವು. 2025ರ ಜನವರಿ 30ರಂದು ಆಂಧ್ರ ಸರ್ಕಾರ 'ಮನ ಮಿತ್ರ' ಎಂಬ ವಾಟ್ಸಾಪ್ ಸೇವೆ ಆರಂಭಿಸಿತು. ಮೊದಲ ಹಂತದಲ್ಲೇ 161 ಸೇವೆಗಳು. ಅದಾದ ಕೆಲವೇ ದಿನಕ್ಕೆ ಇಂಟರ್‌ಮೀಡಿಯೆಟ್ ಪರೀಕ್ಷೆಯ ಹಾಲ್ ಟಿಕೆಟ್ಟೂ ಅದರಲ್ಲೇ ಬಂತು. ಸರ್ಕಾರ ಕಾಗದವನ್ನು ಫೋನಿನ ತನಕ ತಂದು ಬಿಟ್ಟಿತು, ಸರಿ. ಆದರೆ ಬ್ಯಾಂಕಿನ ಮ್ಯಾನೇಜರು, ಕಾಲೇಜಿನ ಗುಮಾಸ್ತ, ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಂತವರು ಇನ್ನೂ ಕೇಳುವುದು ಕಾಗದದ ಪ್ರತಿಯನ್ನೇ. ಫೋನಿನಿಂದ ಪ್ರಿಂಟರಿನವರೆಗಿನ ಕೊನೆಯ ಮೂರಡಿಯನ್ನು ಜೆರಾಕ್ಸ್ ಅಂಗಡಿಯವನೇ ದಾಟಿಸಬೇಕು.

ಗಡಿಯವರಿಗೆ ಈ ಕಾಗದಗಳೂ ಎರಡೆರಡು. ಹಿಂದೂಪುರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮಡಕಶಿರಾ ಮೇಲೆ ಇಲ್ಲಿಂದ ಅಲ್ಲಿಗೆ ಹೊರಟವರು ನಡುವೆ ಪಾವಗಡ ಸೀಮೆಗೆ ಬಂದು ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರಕ್ಕೆ ಇಳಿಯುತ್ತಾರೆ. ಒಂದು ಹೊಲ ಮಡಕಶಿರಾ ಕಡೆ, ಇನ್ನೊಂದು ಪಾವಗಡದ ಕಡೆ ಎಂಬ ರೈತನ ಫೋನಿನಲ್ಲಿ ಕರ್ನಾಟಕದ 'ಭೂಮಿ'ಯಿಂದ ಬಂದ ಪಹಣಿ ಕನ್ನಡದಲ್ಲಿರುತ್ತದೆ, ಆಂಧ್ರದ ಭೂದಾಖಲೆಗಳಾದ ಒನ್-ಬಿ, ಅಡಂಗಲ್ ತೆಲುಗಿನಲ್ಲಿರುತ್ತವೆ. ಸಾಲಕ್ಕೆ ಎರಡೂ ಬೇಕು. ಒಂದೇ ಫೋನು, ಎರಡು ಸರ್ಕಾರ, ಒಂದು ಜೆರಾಕ್ಸ್ ಅಂಗಡಿ.

ವಾಟ್ಸಾಪಿಗೂ ಹಿಂದಿನ ಕಾಲವೊಂದಿತ್ತು. ಮೊಬೈಲ್ ಅಂಗಡಿಯ ಗಾಜಿನ ಮೇಲೆ 'ಸಾಂಗ್ಸ್ ಲೋಡಿಂಗ್' ಎಂದು ಬರೆದಿರುತ್ತಿದ್ದ ಕಾಲ. ಉಗುರಿನಷ್ಟು ಮೆಮೊರಿ ಕಾರ್ಡನ್ನು ಕಳಚಿಕೊಟ್ಟರೆ ರೀಡರಿಗೆ ಸಿಕ್ಕಿಸಿ ರಾಜ್‌ಕುಮಾರ್ ಹಾಡು ಇಷ್ಟು, ಎನ್‌ಟಿಆರ್ ಹಾಡು ಇಷ್ಟು ಎಂದು ತುಂಬಿಸಿ ಕೊಡುತ್ತಿದ್ದರು. ಕೆಲವರ ಬಳಿ ಇನ್‌ಫ್ರಾರೆಡ್ ಇದ್ದ ಫೋನುಗಳೂ ಇದ್ದವು: ಎರಡು ಫೋನುಗಳ ಮೂತಿಗೆ ಮೂತಿ ಹಚ್ಚಿ ಅಲುಗಾಡದಂತೆ ಇಟ್ಟರೆ ಒಂದು ರಿಂಗ್‌ಟೋನ್ ದಾಟುತ್ತಿತ್ತು, ನಡುವೆ ಕೈ ಅಡ್ಡ ಬಂದರೆ ಮತ್ತೆ ಮೊದಲಿಂದ. ಆಮೇಲೆ ಬಂದ ಬ್ಲೂಟೂತ್‌ಗೆ ಮುಖ ನೋಡಿಕೊಂಡು ಕೂರುವ ಹಂಗಿರಲಿಲ್ಲ. ಜೇಬಿನಲ್ಲಿದ್ದರೂ ಸಾಕು. ಬಸ್ಸಿನಲ್ಲಿ ಯಾರು ಯಾರಿಗೋ ಹಾಡು ಕಳಿಸುತ್ತಿದ್ದ ದಿನಗಳು ಅವು.

ಬ್ಲೂಟೂತ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಇವತ್ತಿಗೂ ನಮ್ಮ ಜನ ವೈರಿಲ್ಲದೆ ಫೈಲು ಕಳಿಸಬೇಕೆಂದರೆ ಮೊದಲು ಒತ್ತುವುದು ಅದನ್ನೇ. ಅದು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ. ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣ ಬಳಸಲು ಲೈಸೆನ್ಸ್ ಬೇಡ ಎಂದು ಭಾರತ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2005ರ ಜನವರಿಯಲ್ಲಿ. ಆ ಆದೇಶ ಇಲ್ಲದಿದ್ದರೆ ಮನೆ ಮನೆಯ ವೈಫೈ ಡಬ್ಬಿಯೂ ಇಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಎಲ್ಲರೂ ಒಂದೇ ಬಯಲಿಗೆ ಇಳಿದರೆ ಗಲಾಟೆ ಆಗಬೇಕಲ್ಲ? ಅದಕ್ಕೆ ಬ್ಲೂಟೂತ್ ಒಂದು ಕಡೆ ನಿಲ್ಲುವುದೇ ಇಲ್ಲ. ಆ ಪಟ್ಟಿಯ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಕಳಿಸುವವನೂ ಪಡೆಯುವವನೂ ಒಂದೇ ತಾಳದಲ್ಲಿ ಜಿಗಿಯುತ್ತಾರೆ. ಅಲೆಯನ್ನು ಹೀಗೆ ಹಾರಿಸಿ ಹಾರಿಸಿ ಶತ್ರುವಿನ ಕಣ್ಣು ತಪ್ಪಿಸುವ ಉಪಾಯಕ್ಕೆ 1942ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರು ಹಾಲಿವುಡ್ ನಟಿ ಹೆಡಿ ಲಮಾರ್, ಇನ್ನೊಬ್ಬರು ಸಂಗೀತಗಾರ ಜಾರ್ಜ್ ಆಂಥೈಲ್. ಸಿನಿಮಾ ತಾರೆಯರನ್ನು ಶಾಸಕರನ್ನಾಗಿ ಆರಿಸುವ ಹಿಂದೂಪುರದವರಿಗೆ ಈ ಸಂಗತಿ ರುಚಿಸಬಹುದು.

ಜಿಗಿತ ಚೆನ್ನಾಗಿದೆ, ನಡಿಗೆ ನಿಧಾನ. ಬ್ಲೂಟೂತ್‌ನಲ್ಲಿ ಫೈಲು ಸಾಗುವ ವೇಗ ಸೆಕೆಂಡಿಗೆ ಸುಮಾರು ಎರಡು ಮೆಗಾಬಿಟ್ಟು. ಎಂಟು ಬಿಟ್ಟಿಗೆ ಒಂದು ಬೈಟು ಎಂದು ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 900 ಎಂಬಿ. ಒಂದು ಪಹಣಿಗೆ, ಒಂದು ಜಾತಿ ಪ್ರಮಾಣಪತ್ರಕ್ಕೆ ಇದು ಧಾರಾಳ ಸಾಕು. ಹಾಲ್ ಟಿಕೆಟ್ಟಿನ ಪಿಡಿಎಫ್ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ. 4 ಜಿಬಿಯ ಮದುವೆ ವಿಡಿಯೊ ಕಳಿಸಹೊರಟರೆ ನಾಲ್ಕೂವರೆ ಗಂಟೆ ಹತ್ತಿರ ಕಾಯಬೇಕು. ಇನ್ನೊಂದು ತೊಡಕು ವಿಂಡೋಸ್‌ನದು. ಫೋನಿನಿಂದ ಕಳಿಸುವ ಮೊದಲೇ ಕಂಪ್ಯೂಟರಿನಲ್ಲಿ ಬ್ಲೂಟೂತ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಸೀವ್ ಎ ಫೈಲ್' ಒತ್ತಿ ಕಾಯುತ್ತಿರಬೇಕು. ಇದು ಗೊತ್ತಿಲ್ಲದೆ "ಬ್ಲೂಟೂತ್ ಕೆಟ್ಟಿದೆ" ಎಂದು ತೀರ್ಮಾನಿಸಿದ ಅಂಗಡಿಗಳು ಎಷ್ಟೋ.

ಈ ನಿಧಾನವನ್ನು ಮುರಿದದ್ದು ಶೇರ್‌ಇಟ್, ಜೆಂಡರ್ ಮುಂತಾದ ಆ್ಯಪ್‌ಗಳು. ಒಂದು ಫೋನು ತಾನೇ ಸಣ್ಣ ವೈಫೈ ಕೇಂದ್ರವಾಗುತ್ತದೆ, ಇನ್ನೊಂದು ಅದಕ್ಕೆ ಸೇರಿಕೊಳ್ಳುತ್ತದೆ. ಇಂಟರ್‌ನೆಟ್ಟೇ ಬೇಡ. ಕಾಲೇಜು ಹುಡುಗರು ಒಂದೇ ಬೆಂಚಿನಲ್ಲಿ ಕೂತು ಸಿನಿಮಾ ಹಂಚಿಕೊಂಡದ್ದು ಹೀಗೇ. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದು ಡೇಟಾ ಅಗ್ಗವಾದ ಮೇಲೂ ಈ ಅಭ್ಯಾಸ ಹೋಗಲಿಲ್ಲ. ಹೋದದ್ದು 2020ರ ಜೂನ್ 29ರಂದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಅಡಿಯಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್ ಜೊತೆ ಇವೂ ಇದ್ದವು. ಎಲ್ಲರೂ ಟಿಕ್‌ಟಾಕ್ ಬಗ್ಗೆ ಮಾತಾಡಿದರು. ಸಣ್ಣ ಊರುಗಳ ನಿತ್ಯದ ಕೆಲಸಕ್ಕೆ ಪೆಟ್ಟು ಬಿದ್ದದ್ದು ಶೇರ್‌ಇಟ್ ಹೋದದ್ದರಿಂದ. ಅದು ಬಿಟ್ಟ ಜಾಗವನ್ನು ವಾಟ್ಸಾಪ್ ತುಂಬಿತು, ಮಾನಿಟರಿನ ಬೆನ್ನಿಗೆ ನಂಬರು ಅಂಟಿತು.

ನಿಷೇಧವಾದದ್ದು ಆ ಕಂಪನಿಗಳ ಆ್ಯಪ್, ಆ ವಿದ್ಯೆಯಲ್ಲ. ವೈಫೈ ಇರುವ ಯಾವ ಎರಡು ಯಂತ್ರಗಳೂ ಈಗಲೂ ತಮ್ಮೊಳಗೆ ಮಾತಾಡಿಕೊಳ್ಳಬಲ್ಲವು. ಆಂಡ್ರಾಯ್ಡ್ ಫೋನುಗಳಲ್ಲಿ ಕ್ವಿಕ್ ಶೇರ್ ಎಂಬುದು ಬಂದೇ ಇರುತ್ತದೆ. ಗೂಗಲ್ 2020ರಲ್ಲಿ 'ನಿಯರ್‌ಬೈ ಶೇರ್' ಎಂದು ಕೊಟ್ಟದ್ದನ್ನೇ 2024ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ವ್ಯವಸ್ಥೆಯ ಜೊತೆ ಕೂಡಿಸಿ ಈ ಹೆಸರಿಟ್ಟರು. ವಿಂಡೋಸ್ 10, 11ಕ್ಕೆ ಇದರದೇ ಪುಕ್ಕಟೆ ಪ್ರೋಗ್ರಾಂ ಇದೆ. ಆ್ಯಪಲ್‌ನ ಏರ್‌ಡ್ರಾಪ್ 2011ರಿಂದ ಇದ್ದರೂ ಅದು ತನ್ನ ಮನೆಯವರ ಜೊತೆ ಮಾತ್ರ ಮಾತಾಡುತ್ತಿತ್ತು; 2025ರ ನವೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಫೋನಿನಿಂದ ಏರ್‌ಡ್ರಾಪ್‌ಗೆ ಕಳಿಸುವ ಬಾಗಿಲು ತೆರೆಯಿತು. ನಮ್ಮ ಊರಿನ ಅಂಗಡಿಗೆ ಅದರಿಂದ ಸದ್ಯಕ್ಕೆ ಲಾಭವಿಲ್ಲ.

ನನ್ನ ಮತ ಕೇಳಿದರೆ ಲೋಕಲ್‌ಸೆಂಡ್ ಒಳ್ಳೆಯದು. ಯಾರು ಬೇಕಾದರೂ ಒಳಗನ್ನು ತೆರೆದು ನೋಡಬಹುದಾದ ಮುಕ್ತ ತಂತ್ರಾಂಶ, ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ನಡೆಯುತ್ತದೆ. ಎರಡೂ ಯಂತ್ರಗಳಲ್ಲಿ ತೆರೆದರೆ ಒಂದಕ್ಕೊಂದು ಕಾಣಿಸುತ್ತವೆ. ಪ್ರತಿ ಯಂತ್ರಕ್ಕೂ ಅದು ತಾನೇ ಒಂದು ಹಣ್ಣಿನದೋ ತರಕಾರಿಯದೋ ಹೆಸರಿಡುತ್ತದೆ: ಅಂಗಡಿಯ ಕಂಪ್ಯೂಟರು 'ಜಾಣ ಮಾವು' ಎಂಬಂಥ ಹೆಸರಿನಲ್ಲಿ ಕಂಡರೆ ಗಾಬರಿ ಬೇಡ. ಫೈಲು ಆರಿಸಿ, ಹೆಸರು ಮುಟ್ಟಿ, ಆಚೆ ಕಡೆಯವರು ಒಪ್ಪಿದರೆ ಮುಗಿಯಿತು. ಫೈಲು ಅಂಗಡಿಯ ಬಾಗಿಲು ದಾಟುವುದೇ ಇಲ್ಲ. ಕಾಸಿಗೆ ಕೊಂಡ ಡೇಟಾ ಒಂದು ಎಂಬಿಯೂ ಹೋಗದು.

ಕೇಳುವುದಕ್ಕೆ ಸುಲಭ, ಕೂತಾಗ ತೊಡಕು ಶುರು. ಎಷ್ಟೋ ಅಂಗಡಿಗಳ ಹಳೆಯ ಡೆಸ್ಕ್‌ಟಾಪ್‌ಗೆ ವೈಫೈಯೇ ಇರುವುದಿಲ್ಲ, ರೌಟರಿನಿಂದ ಲ್ಯಾನ್ ವೈರು ಎಳೆದಿರುತ್ತಾರೆ. ಪರವಾಗಿಲ್ಲ. ಕಂಪ್ಯೂಟರು ವೈರಿನಲ್ಲಿದ್ದು ಫೋನು ಅದೇ ರೌಟರಿನ ವೈಫೈಯಲ್ಲಿದ್ದರೆ ಅವೆರಡೂ ಒಂದೇ ಮನೆಯವು. ಹಾಗಿದ್ದೂ ಒಂದಕ್ಕೊಂದು ಕಾಣದಿದ್ದರೆ ಬಹುಮಟ್ಟಿಗೆ ಎರಡರಲ್ಲಿ ಒಂದು ಕಾರಣ. ವಿಂಡೋಸ್‌ನಲ್ಲಿ ಆ ನೆಟ್‌ವರ್ಕನ್ನು 'ಪಬ್ಲಿಕ್' ಎಂದು ಗುರುತಿಸಿದ್ದರೆ ಫೈರ್‌ವಾಲ್ ಬಾಗಿಲು ಹಾಕಿಕೊಂಡಿರುತ್ತದೆ, ಅದನ್ನು 'ಪ್ರೈವೇಟ್' ಮಾಡಬೇಕು. ಅದೂ ಸರಿಯಿದ್ದರೆ ರೌಟರಿನ ಗೆಸ್ಟ್ ವೈಫೈಗೆ ಫೋನು ಸೇರಿರುತ್ತದೆ; ಅಲ್ಲಿಗೆ ಬಂದ ಅತಿಥಿಗಳು ಮನೆಯವರನ್ನು ಮಾತಾಡಿಸಲಾಗದಂತೆ ಕಟ್ಟು ಹಾಕಿರುವುದೇ ಅದರ ಉದ್ದೇಶ.

ಕರೆಂಟು ಹೋಗಿ ರೌಟರು ಸತ್ತಿದ್ದರೆ? ಲ್ಯಾಪ್‌ಟಾಪ್ ಇದ್ದವರಿಗೆ ಚಿಂತೆಯಿಲ್ಲ. ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿದರೆ ಅದೂ ಒಂದು ನೆಟ್‌ವರ್ಕೇ. ಆದರೆ ಫೋನಿನ ಮೊಬೈಲ್ ಡೇಟಾವನ್ನು ಮೊದಲು ಆಫ್ ಮಾಡಿ. ಇಲ್ಲದಿದ್ದರೆ ನೀವು ಎರಡು ಫೋಟೊ ದಾಟಿಸುವಷ್ಟರಲ್ಲಿ ವಿಂಡೋಸ್ ಮಹಾಶಯ ತನ್ನ ಅಪ್‌ಡೇಟನ್ನು ನಿಮ್ಮ ದಿನದ ಕೋಟಾದಲ್ಲಿ ಇಳಿಸಿಕೊಂಡು ಕೂತಿರುತ್ತಾನೆ.

ವೇಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹಳೆಯ 2.4 ಗಿಗಾಹರ್ಟ್ಸ್ ರೌಟರಿನಲ್ಲಿ ಸೆಕೆಂಡಿಗೆ ಮೂರು ಎಂಬಿ ಬಂದರೂ ಆ 4 ಜಿಬಿ ವಿಡಿಯೊ ಇಪ್ಪತ್ತೆರಡು, ಇಪ್ಪತ್ಮೂರು ನಿಮಿಷ. 5 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 25 ಎಂಬಿ ಸಿಕ್ಕರೆ ಮೂರು ನಿಮಿಷದೊಳಗೆ. ಫೋನು, ಕಂಪ್ಯೂಟರು ಎರಡೂ ವೈಫೈಯಲ್ಲಿದ್ದಾಗ ಪ್ರತಿ ತುಣುಕೂ ರೌಟರಿಗೆ ಒಮ್ಮೆ, ಅಲ್ಲಿಂದ ಆಚೆಗೆ ಒಮ್ಮೆ ಗಾಳಿಯಲ್ಲಿ ಹಾರಬೇಕಾದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ. ವೈರಿಗೆ ಕಟ್ಟಿದ ಹಳೆಯ ಡೆಸ್ಕ್‌ಟಾಪೇ ಇಲ್ಲಿ ಗೆಲ್ಲುವುದುಂಟು. ಪೆನ್‌ಡ್ರೈವೇ ಸಾಕಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ: ಬಹಳಷ್ಟು ಪೆನ್‌ಡ್ರೈವುಗಳು ಇನ್ನೂ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತವೆ. ಅದರಲ್ಲಿ ಎಷ್ಟೇ ಜಾಗವಿದ್ದರೂ 4 ಜಿಬಿಗಿಂತ ದೊಡ್ಡ ಒಂದು ಫೈಲು ಹಿಡಿಯದು.

ವಾಟ್ಸಾಪ್ ಸುತ್ತುದಾರಿಯಲ್ಲಿ ಹೋಗುವ ಹಣಕ್ಕಿಂತ ಹೋಗುವ ಗುಣ ದೊಡ್ಡದು. ಫ್ಲೆಕ್ಸ್ ಅಂಗಡಿಯವರನ್ನು ಕೇಳಿ ನೋಡಿ. ನಟ ನಂದಮೂರಿ ಬಾಲಕೃಷ್ಣ 2014ರಿಂದ ವಿಧಾನಸಭೆಗೆ ಗೆಲ್ಲುತ್ತಿರುವ ಊರಿದು, ಬ್ಯಾನರಿಗೆ ಬರವಿಲ್ಲ. ಅಭಿಮಾನಿ ತನ್ನ ಫೋಟೊವನ್ನೂ ನಾಯಕನ ಪಕ್ಕ ಹಾಕಿಸಬೇಕು, ಫೋಟೊ ವಾಟ್ಸಾಪ್‌ನಲ್ಲೇ ಬರುತ್ತದೆ. ಫೋನಿನ ಕ್ಯಾಮೆರಾ ತೆಗೆದದ್ದು ಅಡ್ಡಕ್ಕೆ 4000 ಚುಕ್ಕೆಗಳ ಚಿತ್ರ. ವಾಟ್ಸಾಪ್ ಮಾಮೂಲಿಯಾಗಿ ಅದನ್ನು ಹಿಂಡಿ 1600ರ ಆಸುಪಾಸಿಗೆ ತರುತ್ತದೆ. ಎಂಟಡಿ ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ ಹದಿನೇಳು ಚುಕ್ಕೆಯೂ ಸಿಗದು. ಮೂಲ ಚಿತ್ರವಾಗಿದ್ದರೆ ನಲವತ್ತೊಂದು, ನಲವತ್ತೆರಡು ಸಿಗುತ್ತಿತ್ತು. ನಾಯಕನ ಮೀಸೆಯ ಎಳೆ ಎಳೆ ಎದ್ದು ಕಾಣುವಾಗ ಪಕ್ಕದ ಅಭಿಮಾನಿಯ ಮುಖ ಚೌಕ ಚೌಕವಾಗಿರುವುದು ಇದರಿಂದಲೇ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೂ ಗ್ಯಾಲರಿಯಿಂದ ಕಳಿಸದೆ 'ಡಾಕ್ಯುಮೆಂಟ್' ಎಂದು ಕಳಿಸಿದರೆ ಹಿಂಡುವುದಿಲ್ಲ. 2022ರಿಂದ ಹಾಗೆ 2 ಜಿಬಿ ತನಕ ಕಳಿಸಬಹುದು.

ಇಲ್ಲಿಂದ ಹದಿನೈದು ಕಿಲೋಮೀಟರ್ ಆಚೀಚೆ ಇರುವ ಲೇಪಾಕ್ಷಿಯಲ್ಲಿ ನಷ್ಟ ಇನ್ನೂ ಹೆಚ್ಚು. ಅಲ್ಲಿನ ವೀರಭದ್ರ ದೇವಾಲಯ ಮತ್ತು ಏಕಶಿಲಾ ನಂದಿ 2022ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ವಿಜಯನಗರ ಕಾಲದ ಚಾವಣಿ ಚಿತ್ರಗಳಲ್ಲಿ ಸೀರೆಯ ಅಂಚು, ಒಡವೆಯ ಕುಸುರಿ, ಬಿರುಕು, ಬಣ್ಣ ಏಳುತ್ತಿರುವ ಜಾಗ ಇವೆಲ್ಲ ಮುಂದೆ ಅಭ್ಯಾಸ ಮಾಡುವವರಿಗೆ ಬೇಕು. ವಿದ್ಯಾರ್ಥಿಗಳು ತೆಗೆದ ಫೋಟೊಗಳು ವಾಟ್ಸಾಪ್ ಗುಂಪಿನ ಮೂಲಕ ಮೇಷ್ಟರ ಕಂಪ್ಯೂಟರಿಗೆ ಬಂದರೆ ಆ ಎಳೆಗಳೂ ಇಲ್ಲ, ಯಾವಾಗ, ಎಲ್ಲಿ ತೆಗೆದದ್ದು ಎಂದು ಫೋಟೊದೊಳಗೇ ಕ್ಯಾಮೆರಾ ಬರೆದಿಟ್ಟ ವಿವರವೂ ಇಲ್ಲ. ಶಾಸನದ ಫೋಟೊಗಂತೂ ಇದು ಅನ್ಯಾಯವೇ ಸರಿ. ಸವೆದ ಅಕ್ಷರ ಓದುವವರು ನೆರಳಿನ ಒಂದು ಗೆರೆಗಾಗಿ ಚಿತ್ರ ಹಿಗ್ಗಿಸುತ್ತಾರೆ, ಹಿಂಡುವಾಗ ಮೊದಲು ಅಳಿಯುವುದು ಆ ಗೆರೆ. ನೇರ ದಾಟಿಸಿದ ಫೈಲಿನಲ್ಲಿ ಒಂದು ಬಿಟ್ಟೂ ಬದಲಾಗುವುದಿಲ್ಲ.

ಬಿಟ್ಟು ಬದಲಾಗದಿದ್ದರೂ ಕನ್ನಡ ಕೆಡಬಹುದು. ಗಡಿಯ ಕನ್ನಡ ಶಾಲೆಗಳ ಮೇಷ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೂ ಬರೆಯಬಹುದಾದ್ದರಿಂದ ಮಾದರಿ ಪ್ರಶ್ನೆಪತ್ರಿಕೆ, ಟಿಪ್ಪಣಿ ಎಲ್ಲ ಕನ್ನಡದಲ್ಲೇ ಸಿದ್ಧವಾಗಬೇಕು. ಕಂಪ್ಯೂಟರಿನಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು ಫೋನಿಗೆ ಬಂದು ತೆರೆದಾಗ ಕನ್ನಡದ ಸುಳಿವೇ ಇರುವುದಿಲ್ಲ: ತಲೆ ಮೇಲೆ ಗೀರು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. "ಕಳಿಸುವಾಗ ಹಾಳಾಯ್ತು" ಎಂದು ವೈಫೈಯನ್ನು ಬೈಯುತ್ತಾರೆ. ವೈಫೈಯದು ತಪ್ಪಿಲ್ಲ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಕನ್ನಡದ ಆಕಾರವನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಫೋನಿನಲ್ಲಿ ಕೆಳಗಿನ ಇಂಗ್ಲಿಷ್ ಬಯಲಾಗುತ್ತದೆ. ಕಳಿಸುವ ಮುಂಚೆ ಪಿಡಿಎಫ್ ಮಾಡಿದರೆ ಫಾಂಟೂ ಒಳಗೇ ಕೂತು ಬರುತ್ತದೆ. ತಿದ್ದುವ ಫೈಲೇ ಬೇಕಾದರೆ ಯುನಿಕೋಡ್‌ಗೆ ಬದಲಿಸಿ ಕಳಿಸಬೇಕು.

ಯುನಿಕೋಡ್‌ನಲ್ಲಿ ಈ ಸೀಮೆಯವರು ಮೆಚ್ಚುವ ಒಂದು ವ್ಯವಸ್ಥೆಯಿದೆ. ಅಲ್ಲಿ ತೆಲುಗಿಗೆ 3072ರಿಂದ 3199ರವರೆಗೆ ಸಂಖ್ಯೆಗಳು, ಅದು ಮುಗಿದ ಕೂಡಲೇ 3200ರಿಂದ 3327ರವರೆಗೆ ಕನ್ನಡಕ್ಕೆ. ನಡುವೆ ಒಂದು ಸಂಖ್ಯೆಯೂ ಖಾಲಿ ಬಿಟ್ಟಿಲ್ಲ. ತೆಲುಗಿನ 'ಕ' 3093, ಅದಕ್ಕೆ 128 ಕೂಡಿಸಿದರೆ 3221, ಅದು ಕನ್ನಡದ 'ಕ'. ಹೆಚ್ಚುಕಡಿಮೆ ಎಲ್ಲ ಅಕ್ಷರಗಳೂ ಹೀಗೇ. ಒನ್-ಬಿಯಲ್ಲಿ ತೆಲುಗಿನಲ್ಲಿರುವ ಹೆಸರನ್ನು ಕನ್ನಡಕ್ಕೆ ತರಲು ಒಂದು ಕೂಡುಲೆಕ್ಕ ಸಾಕು ಎಂದರೆ ಕಂದಾಯ ಇಲಾಖೆಯವರು ನಂಬುತ್ತಾರೋ ಇಲ್ಲವೋ.

ಉಳಿದದ್ದು ಆಧಾರ್ ಮಾತು. ವಾಟ್ಸಾಪ್ ಮಾಡಿದ ಆಧಾರ್ ಪ್ರತಿ ಗಿರಾಕಿ ಮನೆ ಸೇರಿದ ಮೇಲೂ ಅಂಗಡಿಯ ಫೋನಿನಲ್ಲಿ ಒಂದು, ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂದು ಉಳಿದಿರುತ್ತದೆ. ಜೊತೆಗೆ ಗಿರಾಕಿಯ ಫೋನ್ ನಂಬರೂ. ಅಂಗಡಿಯವನು ಪ್ರಾಮಾಣಿಕನೇ ಇರಬಹುದು, ಆದರೆ ಆ ಕಂಪ್ಯೂಟರನ್ನು ರಿಪೇರಿಗೆ ಒಯ್ಯುವವರು, ಮುಂದೆ ಹಳೆಯ ಹಾರ್ಡ್‌ಡಿಸ್ಕ್ ಕೊಳ್ಳುವವರು ಯಾರೋ. ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಇದೇ ಬಗ್ಗೆ ಪ್ರಕಟಣೆ ಹೊರಡಿಸಿ, ಎಲ್ಲೆಂದರಲ್ಲಿ ಆಧಾರ್ ಪ್ರತಿ ಕೊಡಬೇಡಿ, ನೆಟ್ ಸೆಂಟರುಗಳಲ್ಲಿ ಇಳಿಸಿಕೊಂಡರೆ ಅಳಿಸಿಬಿಡಿ ಎಂದಿತ್ತು. ತಪ್ಪರ್ಥವಾಗುತ್ತದೆ ಎಂದು ಎರಡೇ ದಿನಕ್ಕೆ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡರೂ ಆ ಬುದ್ಧಿಮಾತು ಸರಿಯಾದದ್ದೇ ಆಗಿತ್ತು. ಮೊದಲ ಎಂಟು ಅಂಕಿ ಮರೆಸಿ ಕೊನೆಯ ನಾಲ್ಕು ಮಾತ್ರ ತೋರುವ ಮಾಸ್ಕ್ಡ್ ಆಧಾರ್ ಈಗಲೂ ಸಿಗುತ್ತದೆ.

ನೇರ ದಾಟಿಸುವ ದಾರಿಗಳೂ ಪೂರ್ತಿ ನಿಶ್ಚಿಂತೆಯವಲ್ಲ. ಕ್ವಿಕ್ ಶೇರ್‌ನಲ್ಲಿ ಹತ್ತು ಲೋಪಗಳನ್ನು ಸೇಫ್‌ಬ್ರೀಚ್ ಸಂಸ್ಥೆಯ ಸಂಶೋಧಕರು 2024ರ ಆಗಸ್ಟ್‌ನಲ್ಲಿ ಬಯಲಿಗಿಟ್ಟರು, ಗೂಗಲ್ ಸರಿಪಡಿಸಿತು. ಹಾಗಾಗಿ ಪ್ರೋಗ್ರಾಂ ಹೊಸದಾಗಿರಲಿ. ಫೋನಿನಲ್ಲಿ 'ಎಲ್ಲರಿಗೂ ಕಾಣಿಸು' ಎಂಬುದನ್ನು ಕೆಲಸವಿದ್ದಾಗ ಮಾತ್ರ ಹಾಕಿ. ಗೊತ್ತಿಲ್ಲದ ಹೆಸರಿನಿಂದ ಬಂದ ಫೈಲನ್ನು ಒಪ್ಪಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮದೇ ವಾಟ್ಸಾಪ್ ತೆರೆದು ಪ್ರಿಂಟ್ ತೆಗೆಸುವ ಅಭ್ಯಾಸವಿದ್ದರೆ ಇವತ್ತೇ ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ನೋಡಿ. ಯಾವ ಊರಿನ ಯಾವ ಕಂಪ್ಯೂಟರು ಇನ್ನೂ ನಿಮ್ಮ ಮಾತು ಓದುತ್ತಿದೆ ಎಂಬುದು ಅಲ್ಲಿ ತಿಳಿಯುತ್ತದೆ.

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಪಾವಗಡದ ಜೆರಾಕ್ಸ್ ಅಂಗಡಿಯ ಅಣ್ಣಂದಿರಲ್ಲಿ ಒಂದು ಕೇಳಿಕೆ. ಮಾನಿಟರಿನ ಬೆನ್ನಿಗಿರುವ ಆ ನಂಬರಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ, ಕನ್ನಡದಲ್ಲೂ ತೆಲುಗಿನಲ್ಲೂ: ಪ್ರಿಂಟ್ ಆದ ಕೂಡಲೇ ಫೈಲು ಅಳಿಸುತ್ತೇವೆ. ಬರೆದ ಮೇಲೆ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಗಿರಾಕಿಗಳೇ, ನೀವೂ ದುಡ್ಡು ಕೊಟ್ಟು ಹೊರಡುವ ಮುಂಚೆ "ಡಿಲೀಟ್ ಮಾಡಣ್ಣ" ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಅದಕ್ಕೆ ಬೇರೆ ದರವಿಲ್ಲ.